ಹಳೆಯ ಕಂಪ್ಯೂಟರಿಗೆ ಯಾವ ಮೆಮೊರಿ, ಯಾವ ಗ್ರಾಫಿಕ್ಸ್ ಕಾರ್ಡ್?

ಐದಾರು ವರ್ಷ ದುಡಿದ ಡೆಸ್ಕ್‌ಟಾಪ್ ಕಂಪ್ಯೂಟರ್ ನಿಧಾನವಾಗತೊಡಗಿದಾಗ ಅದನ್ನು ಪೂರ್ತಿ ಬದಲಾಯಿಸದೆ, ಒಂದೆರಡು ಬಿಡಿಭಾಗಗಳನ್ನಷ್ಟೇ ಹೊಸದಾಗಿ ಹಾಕಿಸಿ ಇನ್ನೂ ಕೆಲವು ವರ್ಷ ನಡೆಸುವ ರೂಢಿ ಕರ್ನಾಟಕದಲ್ಲಿ ಹಳೆಯದು, ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಈ ರೂಢಿಯೇ ಒಂದು ದೊಡ್ಡ ಆಧಾರ. ಹಾಗೆ ಬದಲಾಯಿಸುವ ಭಾಗಗಳಲ್ಲಿ ಗ್ರಾಹಕರು ಮೊದಲು ಕೇಳುವುದು ಮೆಮೊರಿಯನ್ನು, ಅಂದರೆ ಆಡುಮಾತಿನ ರ‍್ಯಾಮನ್ನು, ಮತ್ತು ಗ್ರಾಫಿಕ್ಸ್ ಕಾರ್ಡನ್ನು. ಎರಡನ್ನೂ ಒಂದು ಸ್ಕ್ರೂಡ್ರೈವರ್ ಹಿಡಿದು ಮನೆಯಲ್ಲೇ ಕೂರಿಸಬಹುದಾದರೂ ಎರಡನ್ನು ಆರಿಸುವ ತರ್ಕ ಒಂದೇ ಅಲ್ಲ. ಮೆಮೊರಿಗೆ ‘ಇಷ್ಟು ಸಾಕು’ ಎಂಬ ಗೆರೆಯೊಂದಿದೆ: ಆ ಗೆರೆಯ ಕೆಳಗಿದ್ದರೆ ಯಂತ್ರ ತೆವಳುತ್ತದೆ, ಮೇಲೆ ಎಷ್ಟು ಸುರಿದರೂ ಅದರ ವೇಗ ಹೆಚ್ಚುವುದಿಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಅಂಥ ಗೆರೆಯಿಲ್ಲ. ಅದು ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಅದರ ಜೊತೆಗಿರುವ ಮಾನಿಟರ್, ಪ್ರಾಸೆಸರ್ ಮತ್ತು ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆ ನಿರ್ಧರಿಸುತ್ತವೆ. ಎರಡನ್ನೂ ‘ಎಷ್ಟು ಜಿಬಿ’ ಎಂಬ ಒಂದೇ ಅಳತೆಗೋಲಿನಿಂದ ಅಳೆಯುವವರ ಹಣವೇ ಹೆಚ್ಚಾಗಿ ಪೋಲಾಗುತ್ತದೆ.

ಇಂದಿನ ಎಲ್ಲ ಕಂಪ್ಯೂಟರುಗಳ ಮುಖ್ಯ ಮೆಮೊರಿಯ ಮೂಲ ಐಬಿಎಂ ಸಂಸ್ಥೆಯ ವಿಜ್ಞಾನಿ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಒಂದು ಸರಳ ಕಲ್ಪನೆಯಲ್ಲಿದೆ. ಒಂದು ಟ್ರಾನ್ಸಿಸ್ಟರ್ ಮತ್ತು ವಿದ್ಯುದಾವೇಶವನ್ನು ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರ್ ಸೇರಿ ಒಂದು ಕೋಶವಾಗುತ್ತದೆ. ಆವೇಶ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಕೆಪಾಸಿಟರಿನಿಂದ ಆವೇಶ ಸದಾ ಸೋರುತ್ತಿರುವುದರಿಂದ ಪ್ರತಿ ಕೋಶವನ್ನೂ ಓದಿ ಮತ್ತೆ ತುಂಬುತ್ತಲೇ ಇರಬೇಕು, ಡಿಡಿಆರ್4 ಮಾದರಿಯಲ್ಲಿ ಸಾಮಾನ್ಯ ಉಷ್ಣಾಂಶದಲ್ಲಿ 64 ಮಿಲಿಸೆಕೆಂಡಿಗೊಮ್ಮೆ. ಕರೆಂಟು ಹೋದ ಕೂಡಲೆ ಉಳಿಸದ ಕಡತ ಅಳಿಸಿಹೋಗುವುದಕ್ಕೆ ಇದೇ ಕಾರಣ. ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್ ಮದುವೆಮನೆಯ ಉಗ್ರಾಣವಾದರೆ ಮೆಮೊರಿ ಅಡುಗೆಯವರು ಒಲೆಯ ಪಕ್ಕದಲ್ಲೇ ಸಾಮಾನು ಹರಡಿಕೊಳ್ಳುವ ಜಾಗ. ಆ ಜಾಗ ಸಾಲದಾದಾಗ ಪ್ರತಿ ಹಿಡಿ ಬೇಳೆಗೂ ಉಗ್ರಾಣಕ್ಕೆ ಓಡಬೇಕಾಗುತ್ತದೆ. ವಿಂಡೋಸ್ ಮಾಡುವುದೂ ಅದನ್ನೇ: ಮೆಮೊರಿ ತುಂಬಿದಾಗ ಸದ್ಯಕ್ಕೆ ಬೇಡವೆನಿಸಿದ ಭಾಗವನ್ನು ಡಿಸ್ಕಿನ ಮೇಲಿನ ಪೇಜ್ ಫೈಲ್ ಎಂಬ ಕಡತಕ್ಕೆ ಬರೆದು, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ಎರಡು ಚಾನೆಲ್‌ಗಳಲ್ಲಿ ಓಡುವ ಡಿಡಿಆರ್4-3200 ಮೆಮೊರಿ ಸೆಕೆಂಡಿಗೆ ಗರಿಷ್ಠ 51.2 ಗಿಗಾಬೈಟ್ ದತ್ತಾಂಶ ಸಾಗಿಸಬಲ್ಲದು, ಸಾಟಾ ಎಸ್‌ಎಸ್‌ಡಿ ಸಾಗಿಸುವುದು ಸುಮಾರು 550 ಮೆಗಾಬೈಟ್ ಮಾತ್ರ. ಸ್ಪಂದನೆಯ ಸಮಯದಲ್ಲಿ ಅಂತರ ಇನ್ನೂ ದೊಡ್ಡದು. ಮೆಮೊರಿಯ ಲೆಕ್ಕ ನ್ಯಾನೋಸೆಕೆಂಡಿನಲ್ಲಿ, ಎಸ್‌ಎಸ್‌ಡಿಯದು ಮೈಕ್ರೋಸೆಕೆಂಡಿನಲ್ಲಿ, ತಿರುಗುವ ಹಾರ್ಡ್ ಡಿಸ್ಕಿನದು ಮಿಲಿಸೆಕೆಂಡಿನಲ್ಲಿ ನಡೆಯುತ್ತದೆ.

ಆದ್ದರಿಂದ ಖರೀದಿಗೆ ಹೊರಡುವ ಮೊದಲು ಕೊರತೆ ಎಲ್ಲಿದೆ ಎಂಬುದನ್ನು ಅಳೆಯಬೇಕು, ಅದಕ್ಕೆ ಬೇಕಾದ ಸಾಧನ ವಿಂಡೋಸಿನಲ್ಲೇ ಇದೆ. ದಿನದ ಅತಿ ಭಾರದ ಕೆಲಸ ನಡೆಯುತ್ತಿರುವಾಗ, ಅಂದರೆ ಬ್ರೌಸರಿನ ಹತ್ತಾರು ಟ್ಯಾಬ್‌ಗಳು, ಫೋಟೋಶಾಪ್, ಲೆಕ್ಕಪತ್ರದ ತಂತ್ರಾಂಶ ಎಲ್ಲ ತೆರೆದಿರುವಾಗ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದ ಮೆಮೊರಿ ಪುಟದಲ್ಲಿ ಬಳಕೆಯಲ್ಲಿರುವ ಪ್ರಮಾಣ, ಮೆಮೊರಿಯ ವೇಗ, ಎಷ್ಟು ಸ್ಲಾಟ್‌ಗಳು ತುಂಬಿವೆ ಎಂಬ ವಿವರಗಳ ಜೊತೆಗೆ ‘ಕಮಿಟೆಡ್’ ಎಂಬ ಜೋಡಿ ಸಂಖ್ಯೆಯೊಂದು ಕಾಣುತ್ತದೆ. ತೆರೆದಿರುವ ತಂತ್ರಾಂಶಗಳೆಲ್ಲ ಸೇರಿ ಕಾದಿರಿಸಿಕೊಂಡಿರುವ ಒಟ್ಟು ಜಾಗವೇ ಅದರ ಮೊದಲ ಸಂಖ್ಯೆ. 8 ಜಿಬಿ ಮೆಮೊರಿಯ ಯಂತ್ರದಲ್ಲಿ ಅದು ದಿನವಿಡೀ 11–12ರ ಆಸುಪಾಸು ನಿಂತಿದ್ದು, ಬಳಕೆಯ ಪ್ರಮಾಣವೂ ತುದಿ ಮುಟ್ಟಿದ್ದರೆ, ಆ ಯಂತ್ರಕ್ಕೆ ಮೆಮೊರಿ ಸಾಲುತ್ತಿಲ್ಲ ಎಂಬುದರಲ್ಲಿ ಸಂದೇಹ ಬೇಡ. ‘ಕ್ಯಾಶ್ಡ್’ ಎಂದು ತೋರಿಸುವ ಭಾಗವನ್ನು ಕಂಡು ಮಾತ್ರ ಗಾಬರಿಯಾಗಬೇಕಿಲ್ಲ. ಖಾಲಿ ಇರುವ ಮೆಮೊರಿಯನ್ನು ವಿಂಡೋಸ್ ಮುಂದೆ ಬೇಕಾಗಬಹುದಾದ ಕಡತಗಳಿಗೆ ಬಳಸಿಕೊಂಡಿರುತ್ತದೆ, ಕೇಳಿದ ಕ್ಷಣ ಬಿಟ್ಟುಕೊಡುತ್ತದೆ.

ಪ್ರಮಾಣದ ವಿಷಯದಲ್ಲಿ ಹೆಚ್ಚು ಚರ್ಚೆಗೆ ಅವಕಾಶವಿಲ್ಲ. ವಿಂಡೋಸ್ 11ಕ್ಕೆ 4 ಜಿಬಿ ಕನಿಷ್ಠವೆಂದು ಮೈಕ್ರೋಸಾಫ್ಟ್ ಹೇಳಿದ್ದರೂ ಅದು ಯಂತ್ರ ಶುರುವಾಗಲು ಸಾಕು, ಕೆಲಸಕ್ಕೆ ಸಾಲದು. ನುಡಿಯಲ್ಲೋ ಯೂನಿಕೋಡಿನಲ್ಲೋ ಬೆರಳಚ್ಚು, ಇಮೇಲ್, ಬ್ಯಾಂಕಿಂಗ್, ಮಕ್ಕಳ ಆನ್‌ಲೈನ್ ಪಾಠ ಇಷ್ಟೇ ಇರುವ ಮನೆಗೆ 8 ಜಿಬಿ ಹೇಗೋ ನಡೆಯುತ್ತದೆ, 16 ಜಿಬಿ ನೆಮ್ಮದಿ ಕೊಡುತ್ತದೆ. ಇಂದಿನ ಆಟಗಳಿಗೂ 16 ಜಿಬಿ ಬುನಾದಿ. ಮದುವೆಯ 4ಕೆ ವಿಡಿಯೊ ಸಂಕಲಿಸುವ ಸ್ಟುಡಿಯೊ, ಒಂದೇ ಯಂತ್ರದಲ್ಲಿ ಎರಡು ಮೂರು ವರ್ಚುವಲ್ ಯಂತ್ರಗಳನ್ನು ಓಡಿಸುವ ತಂತ್ರಾಂಶ ವಿದ್ಯಾರ್ಥಿ, ನೂರಾರು ಪದರಗಳ ಫ್ಲೆಕ್ಸ್ ವಿನ್ಯಾಸ ಮಾಡುವ ಮುದ್ರಣಾಲಯ, ಇವರಿಗೆ 32 ಜಿಬಿ ಸರಿಯಾದ ಅಳತೆ. ಅದಕ್ಕಿಂತ ಮೇಲೆ ಯಾರಿಗೆ ಬೇಕು ಎಂಬುದು ಬೇಕಾದವರಿಗೆ ಗೊತ್ತೇ ಇರುತ್ತದೆ, ಗೊತ್ತಿಲ್ಲದವರಿಗೆ ಬೇಕಿಲ್ಲ.

ಯಾವ ಜಾತಿಯ ಮೆಮೊರಿ ಎಂಬುದು ಕೊಳ್ಳುವವರ ಇಚ್ಛೆಗೆ ಬಿಟ್ಟ ವಿಷಯವಲ್ಲ, ಅದನ್ನು ಮದರ್‌ಬೋರ್ಡ್ ಮೊದಲೇ ತೀರ್ಮಾನಿಸಿರುತ್ತದೆ. ಡೆಸ್ಕ್‌ಟಾಪಿನ ಡಿಡಿಆರ್3 ಸ್ಟಿಕ್ಕಿಗೆ 240 ಪಿನ್ನುಗಳು; ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್ನುಗಳಿದ್ದರೂ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ, ಬಲವಂತ ಮಾಡಿದರೆ ಮುರಿಯುವುದು ಮದರ್‌ಬೋರ್ಡೇ. 2013ರ ಸುಮಾರಿನ ಇಂಟೆಲ್ 4ನೇ ತಲೆಮಾರಿನ ಯಂತ್ರಗಳು ಬಹುಪಾಲು ಡಿಡಿಆರ್3 ಬಳಸುತ್ತವೆ. ಎಎಂಡಿಯ ಎಎಂ4 ಮದರ್‌ಬೋರ್ಡ್‌ಗಳು ಡಿಡಿಆರ್4ಕ್ಕೆ, 2022ರಲ್ಲಿ ಬಂದ ಎಎಂ5 ಮದರ್‌ಬೋರ್ಡ್‌ಗಳು ಡಿಡಿಆರ್5ಕ್ಕೆ ಮಾತ್ರ ಮೀಸಲು. ಗೊಂದಲ ಇರುವುದು ಇಂಟೆಲಿನ 12, 13 ಮತ್ತು 14ನೇ ತಲೆಮಾರುಗಳಲ್ಲಿ: ಪ್ರಾಸೆಸರ್ ಎರಡನ್ನೂ ಒಪ್ಪಿದರೂ ಮದರ್‌ಬೋರ್ಡ್ ಸಾಮಾನ್ಯವಾಗಿ ಯಾವುದಾದರೊಂದನ್ನು ಮಾತ್ರ ಒಪ್ಪುವುದರಿಂದ, ‘ಐ5 12ನೇ ಜನರೇಷನ್ನಿಗೆ ರ‍್ಯಾಮ್ ಕೊಡಿ’ ಎಂದು ಅಂಗಡಿಯಲ್ಲಿ ಕೇಳುವುದರಿಂದ ಏನೂ ತಿಳಿಯುವುದಿಲ್ಲ. ಮದರ್‌ಬೋರ್ಡಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡೇ ಹೋಗಬೇಕು.

ಸ್ಟಿಕ್ಕಿನ ಲೇಬಲ್ಲಿನ ಮೇಲಿನ ಸಂಖ್ಯೆಗಳಲ್ಲಿ ಎರಡು ಮುಖ್ಯ. ಮೊದಲನೆಯದು ವೇಗ: 3200 ಎಂದರೆ ಸೆಕೆಂಡಿಗೆ 320 ಕೋಟಿ ವರ್ಗಾವಣೆ. ಗಡಿಯಾರದ ಪ್ರತಿ ಬಡಿತಕ್ಕೆ ಎರಡು ವರ್ಗಾವಣೆ ನಡೆಯುವುದರಿಂದ ನಿಜವಾದ ಗಡಿಯಾರ 1600 ಮೆಗಾಹರ್ಟ್ಸ್. ಸಿಪಿಯು-ಜ಼ಡ್ ಎಂಬ ಉಚಿತ ತಂತ್ರಾಂಶ 1600 ಎಂದು ತೋರಿಸಿದಾಗ ಅಂಗಡಿಯವನು ಅರ್ಧ ವೇಗದ ಮಾಲು ಕೊಟ್ಟನೆಂದು ಜಗಳಕ್ಕೆ ಹೋಗುವ ಅಗತ್ಯವಿಲ್ಲ. ಎರಡನೆಯದು ಸಿಎಲ್ ಎಂದು ಬರೆದಿರುವ ವಿಳಂಬ, ಅಂದರೆ ದತ್ತಾಂಶ ಕೇಳಿದ ಮೇಲೆ ಅದು ಬರಲು ಕಾಯಬೇಕಾದ ಬಡಿತಗಳ ಸಂಖ್ಯೆ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಕಾಲ ನ್ಯಾನೋಸೆಕೆಂಡುಗಳಲ್ಲಿ ಸಿಗುತ್ತದೆ. ಈ ಲೆಕ್ಕದಲ್ಲಿ ಸಿಎಲ್16ರ ಡಿಡಿಆರ್4-3200 ಮತ್ತು ಸಿಎಲ್30ರ ಡಿಡಿಆರ್5-6000 ಎರಡೂ 10 ನ್ಯಾನೋಸೆಕೆಂಡಿಗೆ ಬಂದು ನಿಲ್ಲುತ್ತವೆ. ಅಗ್ಗದ ಸಿಎಲ್40ರ ಡಿಡಿಆರ್5-4800 ಮಾತ್ರ 16.7ಕ್ಕೆ ಏರುತ್ತದೆ. ಹೊಸ ತಲೆಮಾರು ಹೊತ್ತೊಯ್ಯುವ ಹೊರೆಯನ್ನು ಹೆಚ್ಚಿಸಿದೆ, ಮೊದಲ ಹೆಜ್ಜೆಯ ಚುರುಕನ್ನಲ್ಲ. ಡಿಡಿಆರ್4 ಯಂತ್ರ ಇರುವವರು ಡಿಡಿಆರ್5 ಇಲ್ಲವೆಂದು ಕೊರಗಬೇಕಾಗಿಲ್ಲ ಎನ್ನುವುದಕ್ಕೆ ಇಷ್ಟು ಲೆಕ್ಕ ಸಾಕು.

ಹಣ ಕೊಟ್ಟು ತಂದ ವೇಗ ತಾನಾಗಿ ದಕ್ಕುವುದೂ ಇಲ್ಲ. ಹೊಸ ಸ್ಟಿಕ್ ಕೂರಿಸಿದಾಗ ಮದರ್‌ಬೋರ್ಡ್ ಅದನ್ನು ಸುರಕ್ಷಿತವಾದ ಮೂಲ ವೇಗದಲ್ಲಿ, ಡಿಡಿಆರ್4 ಆದರೆ ಬಹುತೇಕ 2133 ಅಥವಾ 2400, ಡಿಡಿಆರ್5 ಆದರೆ ಹೆಚ್ಚಾಗಿ 4800ರಲ್ಲಿ ಓಡಿಸುತ್ತದೆ. ಬಯೋಸ್ ಎಂಬ ಮೂಲ ಸಂಯೋಜನೆಯ ಪರದೆಗೆ ಹೋಗಿ ಇಂಟೆಲ್ ಕಡೆಯವರ ಎಕ್ಸ್‌ಎಂಪಿ ಅಥವಾ ಎಎಂಡಿಯವರ ಎಕ್ಸ್‌ಪೋ ಎಂಬ ಆಯ್ಕೆಯನ್ನು ಚಾಲೂ ಮಾಡಿದ ಮೇಲೆಯೇ ಲೇಬಲ್ಲಿನ ವೇಗ ಬರುತ್ತದೆ. ಇದನ್ನು ಮಾಡದೆ ವರ್ಷಗಟ್ಟಲೆ ಕಡಿಮೆ ವೇಗದಲ್ಲೇ ಓಡುತ್ತಿರುವ ಯಂತ್ರಗಳು ಅಪರೂಪವೇನಲ್ಲ.

ಇನ್ನೂ ಹೆಚ್ಚು ಲಾಭ ತರುವುದು ಚಾನೆಲ್‌ಗಳ ವಿಚಾರ. ಸಾಮಾನ್ಯ ಡೆಸ್ಕ್‌ಟಾಪ್ ಪ್ರಾಸೆಸರಿಗೆ ಮೆಮೊರಿಯ ಕಡೆ ಎರಡು ದಾರಿಗಳಿವೆ, ಒಂದೊಂದೂ 64 ಬಿಟ್ ಅಗಲ. 16 ಜಿಬಿಯ ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿ ಖಾಲಿ ಬೀಳುತ್ತದೆ. 8 ಜಿಬಿಯ ಎರಡು ಸ್ಟಿಕ್ ಹಾಕಿದರೆ ಎರಡೂ ದಾರಿಗಳು ತೆರೆದು ಸಾಗಣೆಯ ಸಾಮರ್ಥ್ಯ ದುಪ್ಪಟ್ಟಾಗುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಈ ಎರಡು ಸ್ಟಿಕ್ಕುಗಳನ್ನು ಅಕ್ಕಪಕ್ಕದಲ್ಲಿ ಕೂರಿಸದೆ, ಬಹುತೇಕ ಬೋರ್ಡುಗಳ ಕೈಪಿಡಿ ಹೇಳುವಂತೆ, ಪ್ರಾಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂರಿಸಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರಾಸೆಸರಿನೊಳಗಿನ ಗ್ರಾಫಿಕ್ಸನ್ನೇ ನಂಬಿರುವ ಯಂತ್ರಕ್ಕೆ, ಉದಾಹರಣೆಗೆ ಎಎಂಡಿಯ ರೈಜ಼ನ್ 5600ಜಿ ಇರುವ ಯಂತ್ರಕ್ಕೆ, ಈ ಒಂದು ಬದಲಾವಣೆಯೇ ಆಟಗಳಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ತರುತ್ತದೆ, ಏಕೆಂದರೆ ಅಲ್ಲಿ ಗ್ರಾಫಿಕ್ಸಿಗೂ ಪ್ರಾಸೆಸರಿಗೂ ಮೆಮೊರಿಯ ದಾರಿ ಒಂದೇ. ಹಳೆಯ ಸ್ಟಿಕ್ಕಿನ ಜೊತೆಗೆ ಬೇರೆ ತಯಾರಕರ ಹೊಸ ಸ್ಟಿಕ್ ಸೇರಿಸಬಹುದೇ ಎಂದರೆ, ಡಿಡಿಆರ್4ರಲ್ಲಿ ಸಾಮಾನ್ಯವಾಗಿ ನಡೆಯುತ್ತದೆ, ಎರಡೂ ನಿಧಾನದ ಸ್ಟಿಕ್ಕಿನ ವೇಗಕ್ಕೆ ಇಳಿಯುತ್ತವೆ. ಡಿಡಿಆರ್5ರಲ್ಲಿ ಆ ಸಾಹಸ ಬೇಡ. ಅಲ್ಲಿ ನಾಲ್ಕು ಸ್ಲಾಟುಗಳನ್ನು ತುಂಬಿಸುವುದೂ ಜಾಣತನವಲ್ಲ, ರೈಜ಼ನ್ 7000 ಸರಣಿಗೆ ನಾಲ್ಕು ಸ್ಟಿಕ್ ಹಾಕಿದಾಗ ಎಎಂಡಿ ಅಧಿಕೃತವಾಗಿ ಭರವಸೆ ಕೊಡುವ ವೇಗ 3600 ಮಾತ್ರ. ಮೊದಲೇ ದೊಡ್ಡ ಜೋಡಿಯೊಂದನ್ನು ಕೊಳ್ಳುವುದು ಲೇಸು.

ಬೆಲೆಯ ಮಾತೂ ಇಲ್ಲಿ ಬರಬೇಕು. ಜಗತ್ತಿನ ಮೆಮೊರಿ ಚಿಪ್ಪುಗಳ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂರೇ ಕಂಪನಿಗಳ ಕಾರ್ಖಾನೆಗಳಿಂದ ಬರುತ್ತದೆ, ಸ್ಟಿಕ್ಕಿನ ಮೇಲಿನ ಹೆಸರು ಯಾವುದೇ ಇರಲಿ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಬೇಕಾದ ಎಚ್‌ಬಿಎಂ ಎಂಬ ಪದರಪದರದ ಮೆಮೊರಿಗೆ ಬೇಡಿಕೆ ಏರಿ, ಕಾರ್ಖಾನೆಗಳು ಅದರ ಕಡೆಗೆ ತಿರುಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಸಾಮಾನ್ಯ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ‘ಮುಂದೆ ಅಗ್ಗವಾದಾಗ ಇನ್ನೊಂದು ಸ್ಟಿಕ್ ಹಾಕಿದರಾಯಿತು’ ಎಂಬ ಹಳೆಯ ಲೆಕ್ಕ ಇಂಥ ಕಾಲದಲ್ಲಿ ನಿಲ್ಲುವುದಿಲ್ಲ.

ಲ್ಯಾಪ್‌ಟಾಪ್ ಇರುವವರಿಗೆ ಆಯ್ಕೆ ಇನ್ನೂ ಕಿರಿದು. ಸ್ಟಿಕ್ ಬದಲಿಸಬಹುದಾದ ಮಾದರಿಗಳಿಗೆ ಸೋಡಿಮ್ ಎಂಬ ಗಿಡ್ಡ ಸ್ಟಿಕ್ ಬೇಕು. ತೆಳುವಾದ ಮಾದರಿಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರಾದ್ದರಿಂದ ಕೊಳ್ಳುವ ದಿನವೇ ಸಾಕಷ್ಟು ಇರುವುದನ್ನು ಕೊಳ್ಳಬೇಕು. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪನ್ನು ಬದಲಿಸುವ ಪ್ರಶ್ನೆ ಸಾಮಾನ್ಯವಾಗಿ ಏಳುವುದೇ ಇಲ್ಲ.

ಗ್ರಾಫಿಕ್ಸ್ ಕಾರ್ಡ್ ಎಂದರೆ ತನ್ನದೇ ಪ್ರಾಸೆಸರ್, ತನ್ನದೇ ಮೆಮೊರಿ, ತನ್ನದೇ ಫ್ಯಾನ್ ಇರುವ ಇನ್ನೊಂದು ಪುಟ್ಟ ಕಂಪ್ಯೂಟರ್. ಎನ್‌ವಿಡಿಯಾ 1999ರಲ್ಲಿ ಜೀಫೋರ್ಸ್ 256 ಕಾರ್ಡನ್ನು ಜಿಪಿಯು ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಾಗಿನಿಂದ ಆ ಹೆಸರು ಬಳಕೆಯಲ್ಲಿ ನಿಂತಿದೆ. ಮುಖ್ಯ ಪ್ರಾಸೆಸರ್ ಕೆಲವೇ ಕೆಲಸಗಳನ್ನು ಅತಿ ವೇಗವಾಗಿ ಮಾಡಿದರೆ, ಜಿಪಿಯು ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುತ್ತದೆ. ಪರದೆಯ ಚಿತ್ರ ಅಂಥ ಲೆಕ್ಕಗಳಿಂದಲೇ ಆಗುವುದು: 1920ಕ್ಕೆ 1080ರ ಫುಲ್ ಎಚ್‌ಡಿ ಮಾನಿಟರಿನಲ್ಲಿ ಸುಮಾರು 20.7 ಲಕ್ಷ ಬಿಂದುಗಳಿವೆ, 1440 ಸಾಲಿನ ಮಾನಿಟರಿನಲ್ಲಿ 36.9 ಲಕ್ಷ, 4ಕೆ ಮಾನಿಟರಿನಲ್ಲಿ 83 ಲಕ್ಷ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಅಷ್ಟೂ ಬಿಂದುಗಳ ಬಣ್ಣವನ್ನು 16.7 ಮಿಲಿಸೆಕೆಂಡಿನೊಳಗೆ, 144 ಚಿತ್ರ ಬೇಕೆಂದರೆ 6.9 ಮಿಲಿಸೆಕೆಂಡಿನೊಳಗೆ ತೀರ್ಮಾನಿಸಬೇಕು. ಆದ್ದರಿಂದ ಕಾರ್ಡಿನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಮಾನಿಟರ್ ಯಾವುದು ಎಂಬುದು. 60 ಹರ್ಟ್ಸಿನ ಹಳೆಯ ಫುಲ್ ಎಚ್‌ಡಿ ಮಾನಿಟರನ್ನೇ ಇಟ್ಟುಕೊಂಡು ಮೇಲ್ದರ್ಜೆಯ ಕಾರ್ಡ್ ತಂದರೆ ಅದು ಉತ್ಪಾದಿಸುವ ಹೆಚ್ಚಿನ ಚಿತ್ರಗಳನ್ನು ತೋರಿಸಲು ಜಾಗವೇ ಇರುವುದಿಲ್ಲ.

ಅದಕ್ಕೂ ಮೊದಲು, ಕಾರ್ಡ್ ಬೇಕೇ ಎಂಬ ಪ್ರಶ್ನೆಯಿದೆ. ಬೆರಳಚ್ಚು, ಟ್ಯಾಲಿ, ಯೂಟ್ಯೂಬ್, ಜ಼ೂಮ್ ಸಭೆ, ಪುಟವಿನ್ಯಾಸ ಇವುಗಳಿಗೆ ಪ್ರಾಸೆಸರಿನೊಳಗಿನ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ಇಂಟೆಲ್ ಪ್ರಾಸೆಸರಿನ ಸಂಖ್ಯೆಯ ಕೊನೆಯಲ್ಲಿ ಎಫ್ ಅಕ್ಷರವಿದ್ದರೆ ಮಾತ್ರ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ವಿಡಿಯೊ ಸಂಕಲನದವರ ವಿಷಯದಲ್ಲಿ ಅಂಗಡಿಗಳ ಸಲಹೆ ಹಲವು ಬಾರಿ ಅಡ್ಡದಾರಿ ಹಿಡಿಯುತ್ತದೆ. ಇಂದಿನ ಒಳ್ಳೆಯ ಮಿರರ್‌ಲೆಸ್ ಕ್ಯಾಮೆರಾಗಳು ಬಣ್ಣದ ವಿವರ ಹೆಚ್ಚು ಉಳಿಸುವ 4:2:2 ಎಂಬ ರೀತಿಯಲ್ಲಿ, 10 ಬಿಟ್ ಆಳದಲ್ಲಿ, ಎಚ್.265 ಸಂಕೋಚನ ಬಳಸಿ ಚಿತ್ರೀಕರಿಸುತ್ತವೆ. ಈ ಕಡತಗಳನ್ನು ಸರಾಗವಾಗಿ ಬಿಡಿಸುವ ಯಂತ್ರಾಂಶ ಎನ್‌ವಿಡಿಯಾ ಕಾರ್ಡುಗಳಿಗೆ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಇಂಟೆಲ್ ಡೆಸ್ಕ್‌ಟಾಪ್ ಪ್ರಾಸೆಸರುಗಳ ಒಳಗಿನ ಗ್ರಾಫಿಕ್ಸಿನಲ್ಲಿ ಅದು 2021ರ 11ನೇ ತಲೆಮಾರಿನಿಂದಲೇ ಇದೆ. ಟೈಮ್‌ಲೈನಿನಲ್ಲಿ ಕಡತ ಎಳೆದಾಗ ತಡವರಿಸುವ ಸ್ಟುಡಿಯೊ ಯಂತ್ರಕ್ಕೆ ಹಿಂದಿನ ಸರಣಿಯ ದುಬಾರಿ ಕಾರ್ಡ್ ಹಾಕಿಸಿದರೂ ಆ ತಡವರಿಕೆ ಹೋಗದಿರುವುದು, ಎಫ್ ಇಲ್ಲದ ಇಂಟೆಲ್ ಪ್ರಾಸೆಸರಿನಿಂದ ಹೋಗುವುದು, ಎರಡಕ್ಕೂ ಕಾರಣ ಇದೇ.

ಕಾರ್ಡ್ ಬೇಕೆಂದೇ ಆದಾಗ ಪೆಟ್ಟಿಗೆಯ ಮೇಲಿನ ಜಿಬಿ ಸಂಖ್ಯೆಯನ್ನು ಮಾತ್ರ ನೋಡಿ ಕೊಳ್ಳುವುದು ಎಷ್ಟು ಅಪಾಯವೆಂಬುದಕ್ಕೆ ಎನ್‌ವಿಡಿಯಾದ ಜಿಟಿ 1030 ಕಾರ್ಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 2017ರಲ್ಲಿ ಬಂದ ಈ ಅಗ್ಗದ ಕಾರ್ಡಿನಲ್ಲಿ 2 ಜಿಬಿಯ ಜಿಡಿಡಿಆರ್5 ಮೆಮೊರಿ ಇತ್ತು. ಗ್ರಾಫಿಕ್ಸ್‌ಗೆಂದೇ ತಯಾರಾಗುವ ಈ ವೇಗದ ಮೆಮೊರಿ ಸೆಕೆಂಡಿಗೆ 48 ಗಿಗಾಬೈಟ್ ಸಾಗಿಸುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ, ಅದೇ 2 ಜಿಬಿಯಲ್ಲಿ, ಸಾಮಾನ್ಯ ಡಿಡಿಆರ್4 ಮೆಮೊರಿ ಹಾಕಿದ ಇನ್ನೊಂದು ಕಾರ್ಡ್ ಬಂತು, ಅದರ ಸಾಗಣೆ 16.8 ಗಿಗಾಬೈಟ್. ಮೂರನೆಯ ಒಂದು ಭಾಗದಷ್ಟು ಸಾಮರ್ಥ್ಯದ ಸರಕನ್ನು ಒಂದೇ ಹೆಸರಿನಲ್ಲಿ ಮಾರಲು ಬಿಟ್ಟದ್ದು ಗ್ರಾಹಕರಿಗೆ ಮಾಡಿದ ಅನ್ಯಾಯವೇ ಸರಿ. ಮೆಮೊರಿಯ ಜಾತಿ ಮತ್ತು ಬಸ್ಸಿನ ಅಗಲ, ಅಂದರೆ ಏಕಕಾಲಕ್ಕೆ ಎಷ್ಟು ಬಿಟ್ ಸಾಗುತ್ತದೆ ಎಂಬ ಸಂಖ್ಯೆ, ಇವೆರಡನ್ನೂ ಜಿಬಿಯ ಜೊತೆಗೇ ಓದಬೇಕು ಎಂಬುದು ಇದರಿಂದ ಸ್ಪಷ್ಟ.

ಹಾಗೆಂದು ಜಿಬಿಗೆ ಬೆಲೆಯಿಲ್ಲವೆಂದಲ್ಲ. ಪರದೆಯ ಒಂದು ಫುಲ್ ಎಚ್‌ಡಿ ಚಿತ್ರಕ್ಕೆ 8 ಮೆಗಾಬೈಟಿನಷ್ಟು ಜಾಗ ಸಾಕು. ಜಾಗ ತಿನ್ನುವುದು ಆಟದೊಳಗಿನ ಗೋಡೆ, ಬಟ್ಟೆ, ಮುಖಗಳ ಮೇಲೆ ಹೊದಿಸುವ ಟೆಕ್ಸ್‌ಚರ್ ಎಂಬ ಚಿತ್ರಪಟಗಳು. 4096 ಬಿಂದುಗಳ ಚದರದ ಒಂದು ಪಟ ಸಂಕುಚಿಸದೆ ಇದ್ದರೆ 64 ಮೆಗಾಬೈಟ್ ತೂಗುತ್ತದೆ, ಒಂದು ದೃಶ್ಯಕ್ಕೆ ಅಂಥವು ನೂರಾರು ಬೇಕಾಗುವುದರಿಂದ ಸಂಕುಚಿಸಿದರೂ ಹಲವು ಜಿಬಿ ತುಂಬುತ್ತದೆ. 2021ರ ಆರ್‌ಟಿಎಕ್ಸ್ 3060 ಕಾರ್ಡಿನಲ್ಲಿ 192 ಬಿಟ್ ಅಗಲದ ಬಸ್ಸು ಮತ್ತು 12 ಜಿಬಿ ಇದ್ದವು. 2023ರ ಆರ್‌ಟಿಎಕ್ಸ್ 4060ರಲ್ಲಿ ಬಸ್ಸು 128 ಬಿಟ್ಟಿಗೆ, ಮೆಮೊರಿ 8 ಜಿಬಿಗೆ, ಸಾಗಣೆ 360ರಿಂದ 272 ಗಿಗಾಬೈಟಿಗೆ ಇಳಿಯಿತು. ಚಿಪ್ಪಿನೊಳಗಿನ ಕ್ಯಾಶೆ ಮೆಮೊರಿಯನ್ನು 3ರಿಂದ 24 ಮೆಗಾಬೈಟಿಗೆ ಏರಿಸಿ ಆ ಕೊರತೆ ತುಂಬಿದ್ದೇವೆ ಎಂಬುದು ಕಂಪನಿಯ ವಾದ, ಅದರಲ್ಲಿ ಹುರುಳೂ ಇದೆ, ಬಹುತೇಕ ಆಟಗಳಲ್ಲಿ 4060 ಮುಂದಿರುತ್ತದೆ. ಆದರೆ ಆಟ 8 ಜಿಬಿ ಮೀರಿದ ಕ್ಷಣ ಹೊಸದು ಮುಗ್ಗರಿಸಿ ಹಳೆಯದು ನಿರಾಳವಾಗಿ ಓಡುತ್ತದೆ. ಮನೆಯ ಯಂತ್ರದಲ್ಲೇ ಭಾಷಾ ಮಾದರಿಗಳನ್ನು ಓಡಿಸಿ ನೋಡುವ ಆಸೆಯಿರುವವರಿಗೆ ಈ ಲೆಕ್ಕ ಇನ್ನೂ ನಿಷ್ಠುರ: 700 ಕೋಟಿ ನಿಯತಾಂಕಗಳ ಮಾದರಿಗೆ ಒಂದೊಂದಕ್ಕೂ 16 ಬಿಟ್ ಕೊಟ್ಟರೆ 14 ಜಿಬಿ ಬೇಕು, 4 ಬಿಟ್ಟಿಗೆ ಇಳಿಸಿದರೆ 3.5 ಜಿಬಿ ಮತ್ತು ಮೇಲೊಂದಿಷ್ಟು. ಹೊಸದಾಗಿ ಕೊಳ್ಳುವವರು ಮುಂದಿನ ನಾಲ್ಕು ವರ್ಷ ಯೋಚಿಸುವುದಾದರೆ 12 ಅಥವಾ 16 ಜಿಬಿಯ ಕಾರ್ಡಿಗೆ ಹೋಗುವುದು ವಿವೇಕ. ಇಂಟೆಲ್ ಆರ್ಕ್ ಬಿ580ರಲ್ಲಿ 12 ಜಿಬಿ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಮತ್ತು ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐಗಳ ದೊಡ್ಡ ಮಾದರಿಗಳಲ್ಲಿ 16 ಜಿಬಿ ಇದೆ. ಕೊನೆಯ ಎರಡು ಹೆಸರುಗಳಲ್ಲಿ 8 ಜಿಬಿಯ ಮಾದರಿಯೂ ಸಿಗುತ್ತದೆ ಎಂಬುದನ್ನು ಬಿಲ್ ಹಾಕಿಸುವಾಗ ನೆನಪಿಡಬೇಕು.

ಹಳೆಯ ಯಂತ್ರಕ್ಕೆ ಹೊಸ ಕಾರ್ಡ್ ಹಾಕುವವರನ್ನು ಕಾಡುವ ಇನ್ನೊಂದು ಅಂಶ ಪಿಸಿಐಇ ಸ್ಲಾಟಿನ ಲೇನುಗಳು. ಕಾರ್ಡ್ ಕೂರುವ ಉದ್ದನೆಯ ಸ್ಲಾಟಿನಲ್ಲಿ 16 ಲೇನುಗಳಿರುತ್ತವಾದರೂ ಅಗ್ಗದ ಕಾರ್ಡುಗಳು ಎಲ್ಲವನ್ನೂ ಬಳಸುವುದಿಲ್ಲ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಲೇನು, 4.0 ಪೀಳಿಗೆಯ ಹೊಸ ಬೋರ್ಡಿನಲ್ಲಿ ಅದು ಹೇಗೋ ನಡೆದರೂ, ಇಂಟೆಲ್ 10ನೇ ತಲೆಮಾರು ಅಥವಾ ಬಿ450ಯಂಥ 3.0 ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 4 ಗಿಗಾಬೈಟಿಗೆ ಇಳಿಯುತ್ತದೆ, ಕಾರ್ಡಿನಲ್ಲಿರುವ 4 ಜಿಬಿ ತುಂಬಿ ಮುಖ್ಯ ಮೆಮೊರಿಯ ಸಹಾಯ ಕೇಳಬೇಕಾದಾಗ ಆಟ ನಿಂತು ನಿಂತು ಸಾಗುತ್ತದೆ. ಹಳೆಯ ಯಂತ್ರದವರಿಗೆಂದೇ ಮಾರಾಟವಾದ ಅಗ್ಗದ ಕಾರ್ಡು ಹಳೆಯ ಯಂತ್ರದಲ್ಲೇ ಹೆಚ್ಚು ಸೋಲುವುದು ವಿಚಿತ್ರ. ಇಂಟೆಲ್ ಆರ್ಕ್ ಕಾರ್ಡುಗಳಿಗೆ ರೀಸೈಜ಼ಬಲ್ ಬಾರ್ ಎಂಬ ಸೌಲಭ್ಯ ಬಯೋಸಿನಲ್ಲಿ ಇರಲೇಬೇಕು, ಅದಿಲ್ಲದ ಬೋರ್ಡಿಗೆ ಅವು ಹೇಳಿಸಿದ್ದಲ್ಲ. ಜೊತೆಗೆ ಪ್ರಾಸೆಸರ್ ಹಳೆಯದಾಗಿದ್ದರೆ ಪ್ರತಿ ಚಿತ್ರದ ಸಿದ್ಧತೆಯೇ ತಡವಾಗಿ ಕಾರ್ಡ್ ಕೈಕಟ್ಟಿ ಕೂರುತ್ತದೆ. ಆಟ ನಡೆಯುತ್ತಿರುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಬಳಕೆ ಶೇಕಡಾ 50–60ರಲ್ಲೇ ನಿಂತಿದ್ದರೆ ಹೊಸ ಕಾರ್ಡಿನಿಂದ ಲಾಭವಿಲ್ಲ.

ವಿದ್ಯುತ್ತಿನ ಲೆಕ್ಕವನ್ನು ಕಾರ್ಡಿನ ಬೆಲೆಯ ಜೊತೆಗೇ ಮಾಡಬೇಕು. ಪಿಸಿಐಇ ಸ್ಲಾಟ್ ತಾನಾಗಿ ಕೊಡಬಲ್ಲದ್ದು 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ, ಅಂದರೆ ಕ್ಯಾಬಿನೆಟ್ಟಿನ ಒಳಗಿನ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಿಂದ, ಬೇರೆ ತಂತಿ ಬರಬೇಕು, 6 ಪಿನ್ನಿನ ತಂತಿ 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಹೊರುತ್ತದೆ. ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್, 3060ಕ್ಕೆ 170, ಆರ್ಕ್ ಬಿ580ಕ್ಕೆ 190 ವ್ಯಾಟ್ ಬೇಕು. ಅಗ್ಗದ ಕ್ಯಾಬಿನೆಟ್ಟಿನ ಜೊತೆಗೆ ಪುಕ್ಕಟೆಯಾಗಿ ಬರುವ ಎಸ್‌ಎಂಪಿಎಸ್ ಮೇಲೆ 450 ಎಂದು ಅಚ್ಚಾಗಿದ್ದರೂ ಅದನ್ನು ನಂಬಿ ಕಾರ್ಡ್ ಹಾಕಬಾರದು. 80 ಪ್ಲಸ್ ಗುರುತಿರುವ, ಹೆಸರಾಂತ ತಯಾರಕರ 550 ವ್ಯಾಟಿನ ಎಸ್‌ಎಂಪಿಎಸ್‌ಗೆ ಕೊಡುವ ಹಣ ಖರ್ಚಲ್ಲ, ವಿಮೆ. ದೊಡ್ಡ ಕಂಪನಿಗಳ ಕಚೇರಿ ಮಾದರಿಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡವರಿಗೆ ಎಸ್‌ಎಂಪಿಎಸ್ ಬದಲಿಸುವುದೇ ಕಷ್ಟವಾಗಬಹುದು, ಹಲವು ಮಾದರಿಗಳ ಕನೆಕ್ಟರ್ ಬೇರೆ ಇರುತ್ತದೆ. ಅಂಥವರಿಗೆ 2024ರಲ್ಲಿ ಬಂದ, 70 ವ್ಯಾಟಿನಲ್ಲಿ ಸ್ಲಾಟಿನಿಂದಲೇ ನಡೆಯುವ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಸೂಕ್ತ. ಕರೆಂಟು ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ಅನ್ನು ಮರೆಯುವಂತಿಲ್ಲ. ಬಹುತೇಕ ಮನೆಗಳಲ್ಲಿರುವ 600 ವಿಎ ಯುಪಿಎಸ್ ಹೊರಬಲ್ಲದ್ದು ಹೆಚ್ಚೆಂದರೆ 360 ವ್ಯಾಟ್. ಆಟ ನಡೆಯುತ್ತಿರುವಾಗ ಕಾರ್ಡ್, ಪ್ರಾಸೆಸರ್, ಮಾನಿಟರ್ ಎಲ್ಲ ಸೇರಿ ಆ ಮಿತಿಯ ಹತ್ತಿರ ಬಂದಿದ್ದರೆ ಕರೆಂಟು ಹೋದ ಕ್ಷಣ ಯುಪಿಎಸ್ ಕೂಗಿ ಕೈಬಿಡುತ್ತದೆ.

ಹತ್ತು ವರ್ಷ ದಾಟಿದ ಡಿಡಿಆರ್3 ಯಂತ್ರಗಳ ಬಗ್ಗೆ ನಿಷ್ಠುರವಾಗಿಯೇ ಹೇಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಇಂಟೆಲ್ ಪ್ರಾಸೆಸರುಗಳು ಬಹುತೇಕ 8ನೇ ತಲೆಮಾರಿನಿಂದ ಈಚಿನವು. ಆ ಯಂತ್ರಗಳಿಗೆ ಒಂದು ಅಗ್ಗದ ಎಸ್‌ಎಸ್‌ಡಿ, ಸೆಕೆಂಡ್ ಹ್ಯಾಂಡ್ ಡಿಡಿಆರ್3 ಸ್ಟಿಕ್ ಹಾಕಿ ಲಿನಕ್ಸ್ ಓಡಿಸಬಹುದು. ಹೊಸ ಗ್ರಾಫಿಕ್ಸ್ ಕಾರ್ಡಿಗೆ ಹಣ ಹಾಕುವುದು ಬೇಡ. 2017ರ ನಂತರದ ಡಿಡಿಆರ್4 ಯಂತ್ರವಾದರೆ ಮೊದಲು ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ, ಆಮೇಲೆ 16 ಜಿಬಿಯ ಜೋಡಿ, ನಂತರ ಎಸ್‌ಎಂಪಿಎಸ್, ಕೊನೆಗೆ ಮಾನಿಟರಿಗೆ ತಕ್ಕ ಕಾರ್ಡ್ ಎಂಬ ಕ್ರಮದಲ್ಲಿ ಹಣ ಹಾಕಿದರೆ ನಷ್ಟವಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡುಗಳಲ್ಲಿ ಒಳ್ಳೆಯ ಸರಕೂ ಇದೆ, ಮೋಸವೂ ಇದೆ. ಇಥೀರಿಯಮ್ ಎಂಬ ಕ್ರಿಪ್ಟೋಕರೆನ್ಸಿಯ ಜಾಲ 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಂದ ನಾಣ್ಯ ಗಳಿಸುವ ಪದ್ಧತಿಯನ್ನು ಕೈಬಿಟ್ಟ ಮೇಲೆ, ತಿಂಗಳುಗಟ್ಟಲೆ ಹಗಲಿರುಳು ದುಡಿದಿದ್ದ ಕಾರ್ಡುಗಳು ಮಾರುಕಟ್ಟೆಗೆ ಹರಿದು ಬಂದವು. ಚಿಪ್ಪು ಚೆನ್ನಾಗಿದ್ದರೂ ಅವುಗಳ ಫ್ಯಾನ್ ಸವೆದಿರುತ್ತದೆ, ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್ ಒಣಗಿರುತ್ತದೆ. ಇದಕ್ಕಿಂತ ಕೆಟ್ಟದ್ದು, ಹಳೆಯ ಕಾರ್ಡಿನ ಬಯೋಸ್ ತಿದ್ದಿ ಹೊಸ ಮಾದರಿಯ ಹೆಸರು ಹೇಳುವಂತೆ ಮಾಡಿದ ನಕಲಿ ಸರಕು. ಆದ್ದರಿಂದ ಅಂಗಡಿಯಲ್ಲೇ ಕಾರ್ಡ್ ಹಾಕಿಸಿ, ಜಿಪಿಯು-ಜ಼ಡ್ ಎಂಬ ಉಚಿತ ತಂತ್ರಾಂಶದಲ್ಲಿ ಚಿಪ್ಪಿನ ಹೆಸರು, ಮೆಮೊರಿಯ ಜಾತಿ, ಬಸ್ಸಿನ ಅಗಲ ಮೂರನ್ನೂ ತಾಳೆ ನೋಡಿ, ಹತ್ತು ಹದಿನೈದು ನಿಮಿಷ ಭಾರದ ಪರೀಕ್ಷೆ ಓಡಿಸಿದ ಮೇಲೆಯೇ ಹಣ ಎಣಿಸಬೇಕು. ಹೊಸ ಕಾರ್ಡಾಗಲಿ ಮೆಮೊರಿಯಾಗಲಿ, ಬೆಲೆ ಕಡಿಮೆಯಾಗುತ್ತದೆಂದು ಬಿಲ್ ಇಲ್ಲದೆ ಕೊಳ್ಳಬೇಡಿ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಜಿಎಸ್‌ಟಿ ಬಿಲ್ ಮತ್ತು ಅದರ ಮೇಲಿನ ಸೀರಿಯಲ್ ನಂಬರ್, ಅದನ್ನು ಅಂಗಡಿಯಿಂದ ಹೊರಡುವ ಮೊದಲೇ ಬರೆಸಿಕೊಳ್ಳಿ.